ಕಟ್ಟು ಮತ್ತು ಕಾಯಿದೆ: ಕರಾವಳಿಯ ಮೀನುಗಾರ ಊರುಗಳಲ್ಲಿ ನಿಯಮಪಾಲನೆಯ ಭಾಷೆ

ಕರಾವಳಿ ಕರ್ನಾಟಕದ ಸಂಸ್ಕೃತಿಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳ ಪ್ರಮಾಣ ಕಡಿಮೆಯೇನಲ್ಲ. ದೈವಾರಾಧನೆ, ನಾಗಾರಾಧನೆ, ಯಕ್ಷಗಾನ, ಪಾಡ್ದನ, ಅಳಿಯಕಟ್ಟು ಇವುಗಳ ಸುತ್ತ ವಿಪುಲವಾದ ಸಾಮಗ್ರಿ ಸಂಗ್ರಹವಾಗಿದೆ, ವಿಶ್ಲೇಷಣೆಯೂ ನಡೆದಿದೆ. ಆದರೆ ಕಡಲತಡಿಯ ಒಂದು ಸಣ್ಣ ಊರು ತನ್ನ ದಿನನಿತ್ಯದ ಬದುಕನ್ನು ಯಾವ ನಿಯಮಗಳಿಂದ ನಡೆಸುತ್ತದೆ, ಆ ನಿಯಮ ಮೀರಿದವರನ್ನು ಯಾರು ಯಾವ ಮಾತಿನಲ್ಲಿ ಕರೆಸಿ ಕೇಳುತ್ತಾರೆ, ಸರ್ಕಾರದ ಕಾಯಿದೆ ಅದೇ ದಡಕ್ಕೆ ಬಂದಾಗ ಈ ಎರಡು ಭಾಷೆಗಳ ನಡುವೆ ಏನು ನಡೆಯುತ್ತದೆ ಎಂಬ ಪ್ರಶ್ನೆಗಳು ಸಾಹಿತ್ಯ ಮತ್ತು ಜಾನಪದ ವಿದ್ಯಾರ್ಥಿಗಳ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ. ಇದು ಸಮಾಜಶಾಸ್ತ್ರದವರ ಅಥವಾ ಕಾನೂನು ಓದಿದವರ ವಿಷಯ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ನಿಯಮ ಎಂಬುದು ಮೊದಲು ಮಾತಾಗಿಯೇ ಜನರನ್ನು ತಲುಪುವುದರಿಂದ ಇದು ಕನ್ನಡ ಅಧ್ಯಯನದ ಒಳಗಿನ ವಿಷಯವೇ ಆಗಿದೆ ಎಂಬ ತಿಳಿವಳಿಕೆಯಿಂದ ಪ್ರಸ್ತುತ ಲೇಖನವನ್ನು ಸಿದ್ಧಪಡಿಸಲಾಗಿದೆ. ಕುಂದಾಪುರ ಮತ್ತು ಬೈಂದೂರು ಪರಿಸರದ ಕೆಲವು ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಕಿವಿಗೆ ಬಿದ್ದ ಪದಗಳೇ ಇದರ ಮೂಲ ಸಾಮಗ್ರಿ. ಆ ಊರುಗಳ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಇಲ್ಲಿ ಕೊಟ್ಟಿಲ್ಲ.

ಚರ್ಚೆಯ ಕೇಂದ್ರದಲ್ಲಿರುವ ಪದ ‘ಕಟ್ಟು’. ಕನ್ನಡದಲ್ಲಿ ಇದರಷ್ಟು ಕೆಲಸ ಮಾಡುವ ಧಾತುಗಳು ಕೆಲವೇ. ಹಗ್ಗದಿಂದ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಬೆಲೆ ಕಟ್ಟುತ್ತೇವೆ, ದಂಡ ಕಟ್ಟುತ್ತೇವೆ. ಕಟ್ಟಳೆ, ಕಟ್ಟುಪಾಡು, ಕಟ್ಟಪ್ಪಣೆ ಎಲ್ಲವೂ ಇದರ ಸಂತಾನ. ಊರವರು ಕೂಡಿ ಮಾತಾಡುವ ಜಾಗವೂ ‘ಕಟ್ಟೆ’ಯೇ. ತುಳುನಾಡಿನಲ್ಲಿ ಆಸ್ತಿ ಹಕ್ಕಿನ ಇಡೀ ಕ್ರಮವನ್ನು ಅಳಿಯಕಟ್ಟು, ಮಕ್ಕಳಕಟ್ಟು ಎಂದು ಕರೆಯುವಲ್ಲಿ ಈ ಪದ ನೇರವಾಗಿ ಕಾನೂನು ಎಂಬ ಅರ್ಥವನ್ನೇ ಪಡೆದಿದೆ. ತುಳುವಿನ ‘ಕಟ್ಟ್ ಕಟ್ಟಳೆ’ ಎಂಬ ಜೋಡುನುಡಿ ಇಂದಿಗೂ ಬಳಕೆಯಲ್ಲಿದೆ. ‘ಕಟ್ಟು’ ಎಂಬ ಪದ ನಿಯಮವನ್ನು ಮೇಲಿನಿಂದ ಬಂದ ಆಜ್ಞೆಯಾಗಿ ಕಾಣುವುದಿಲ್ಲ. ಒಳಗಿನವರನ್ನು ಒಬ್ಬರಿಗೊಬ್ಬರು ಬಿಗಿದಿರುವ ಸಂಬಂಧವಾಗಿ ಕಾಣುತ್ತದೆ. ಆದ್ದರಿಂದಲೇ ಕಟ್ಟು ಮುರಿದವನಿಗೆ ಶಿಕ್ಷೆಯೆಂದರೆ ಬಹಳ ಸಲ ಆ ಬಿಗಿತದಿಂದ ಬಿಡಿಸಿ ಹೊರಗಿಡುವುದು. ‘ಕಾಯಿದೆ’, ‘ಕಾನೂನು’ ಎಂಬ ಪದಗಳಿಗೆ ಕನ್ನಡದಲ್ಲಿ ಇಂಥ ಬಂಧುಬಳಗವಿಲ್ಲ. ಅವು ಆಡಳಿತದ ಜೊತೆ ಹೊರಗಿನಿಂದ ಬಂದವು, ಇಂದಿಗೂ ಕಚೇರಿಯ ವಾಸನೆಯನ್ನು ಬಿಟ್ಟುಕೊಟ್ಟಿಲ್ಲ. ಕಾಯಿದೆಯನ್ನು ಮುರಿದವನನ್ನು ಅದು ಹೊರಗಿಡುವುದಿಲ್ಲ, ಹಿಡಿದು ಒಳಗೆ ಹಾಕುತ್ತದೆ.

ಕಡಲತಡಿಯಲ್ಲಿ ಈ ಕಟ್ಟಿನ ಸ್ವರೂಪವೇನು? 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಮೊಗೇರರ ವಸತಿಗಳಿಗೆ ‘ಪಟ್ಟಣ’ ಎಂಬ ಹೆಸರಿರುವುದೂ, ಅಂಥ ಪ್ರತಿಯೊಂದು ವಸತಿಗೆ ಅಥವಾ ವಸತಿಗಳ ಗುಂಪಿಗೆ ಒಂದು ಬೊಬ್ಬರ್ಯ ಸ್ಥಾನವಿರುವುದೂ ದಾಖಲಾಗಿದೆ. ಪಟ್ಟಣವೆಂದರೆ ನಮಗೆ ಈಗ ಪೇಟೆ. ಅಲ್ಲಿ ಅದು ನಾಲ್ಕಾರು ಹತ್ತು ಮನೆಗಳ, ಒಂದು ದೈವದ, ಒಂದು ದಡದ ಘಟಕ. ತಮಿಳು ಕರಾವಳಿಯ ‘ಪಟ್ಟಿನಂ’ ಕೂಡ ಇದೇ ವರ್ಗಕ್ಕೆ ಸೇರಿದ ಪದ. ಅಲ್ಲಿನ ಊರು ಪಂಚಾಯಿತಿಗಳು ಯಾವ ಬಲೆ ಬಳಸಬಹುದು, ಯಾವುದನ್ನು ಬಳಸಬಾರದು ಎಂದು ತೀರ್ಮಾನಿಸುವುದನ್ನು ಮಾರ್ಟಿನ್ ಬಾವಿಂಕ್ ಅವರು 2001ರಲ್ಲಿ ಪ್ರಕಟಿಸಿದ ಕೋರಮಂಡಲ ತೀರದ ಅಧ್ಯಯನದಲ್ಲಿ ವಿವರವಾಗಿ ತೋರಿಸಿದ್ದಾರೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಮಲಯಾಳಿ ಮೀನುಗಾರರಲ್ಲಿ ‘ಕಡಕ್ಕೋಡಿ’ ಎಂಬ ಕಡಲ ನ್ಯಾಯಸಭೆಯಿದೆ. ನಮ್ಮ ದಡದಲ್ಲಿ ಗುರಿಕಾರರೂ ಗ್ರಾಮಸಭೆಗಳೂ ಆ ಕೆಲಸ ಮಾಡಿಕೊಂಡು ಬಂದಿದ್ದಾರೆ. ಇದು ಮೀನುಗಾರರಿಗೆ ಮಾತ್ರ ಸೀಮಿತವಾದ ಏರ್ಪಾಡೂ ಅಲ್ಲ. ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ ಗೌಡ, ಬುಧವಂತ, ಕೋಲಕಾರ ಎಂಬ ಮೂವರ ಕ್ರಮವಿದೆ. ಇವರಲ್ಲಿ ಕೋಲಕಾರನ ಕೆಲಸ ಕರೆ ಮುಟ್ಟಿಸುವುದು. ಇಂದಿನ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಸಮನ್ಸ್ ಜಾರಿ.

ಈ ಸಭೆಗಳ ಮುಂದೆ ಬರುತ್ತಿದ್ದ, ಈಗಲೂ ಬರುವ ವಿಷಯಗಳು ಬಹುಪಾಲು ಬಲು ಸಾಧಾರಣವಾದವು. ಯಾರ ದೋಣಿ ಮೊದಲು ಬಲೆ ಬಿಡಬೇಕು, ಒಬ್ಬರ ಬಲೆಯ ಮೇಲೆ ಇನ್ನೊಬ್ಬರು ಬಲೆ ಬಿಟ್ಟರೆ ನಷ್ಟ ಯಾರದು, ಮುಂಗಡ ಪಡೆದ ಕಲಾಸಿ ನಡುಋತುವಿನಲ್ಲಿ ಬೇರೆ ದೋಣಿಗೆ ಹೋದರೆ ಏನು ಮಾಡಬೇಕು, ಊರಿನಲ್ಲಿ ಸಾವಾದ ದಿನ ಕಡಲಿಗಿಳಿದವನನ್ನು ಏನು ಕೇಳಬೇಕು. ಪಾಳಿ ಮತ್ತು ಪಾಲು ಎಂಬ ಎರಡು ಪದಗಳಲ್ಲಿ ಈ ವ್ಯವಹಾರದ ಅರ್ಧಭಾಗ ಮುಗಿದುಹೋಗುತ್ತದೆ. ರಂಪಣಿಯ ಕಾಲದಲ್ಲಂತೂ ಇವೆರಡೂ ಇಲ್ಲದೆ ಕೆಲಸವೇ ನಡೆಯುವಂತಿರಲಿಲ್ಲ. ರಂಪಣಿಯೆಂದರೆ ದಡದಿಂದ ಎಳೆಯುವ ಬಹು ಉದ್ದದ ಬಲೆ. ಹತ್ತಾರು ಕುಟುಂಬಗಳ ಜನ ಎರಡು ಬದಿಯಲ್ಲಿ ನಿಂತು ಎಳೆದರೆ ಮಾತ್ರ ಅದು ದಡ ಸೇರುತ್ತಿತ್ತು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು, ದೇವರಿಗೆ ಇಷ್ಟು ಎಂಬ ಪಾಲಿನ ಲೆಕ್ಕ ಎಲ್ಲರ ಕಣ್ಣೆದುರಿಗೇ ನಡೆಯಬೇಕಾಗಿತ್ತು. ಕಾವಲು ಬೇರೆಯಾಗಿ ಬೇಕಿರಲಿಲ್ಲ. ಎಲ್ಲರೂ ಒಂದೇ ಹಗ್ಗ ಹಿಡಿದಿರುವಾಗ ಯಾರು ಏನು ಮಾಡಿದರೆಂಬುದು ಎಲ್ಲರಿಗೂ ಕಾಣುತ್ತಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು ಬಂದು ಬೂತಾಯಿ, ಬಂಗುಡೆಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ದೊಡ್ಡ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು; ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಈ ಬದಲಾವಣೆಯನ್ನು ಆರ್ಥಿಕ ಇತಿಹಾಸವಾಗಿ ಮಾತ್ರ ಓದುವುದು ರೂಢಿ. ಕಟ್ಟಿನ ದೃಷ್ಟಿಯಿಂದ ನೋಡಿದರೆ ಆಗ ಕಣ್ಣೆದುರಿನ ಕೆಲಸ ಕಣ್ಮರೆಯ ಕೆಲಸವಾಯಿತು. ದಡದಿಂದ ಹತ್ತಾರು ಮೈಲಿ ಆಚೆ ರಾತ್ರಿಯಲ್ಲಿ ನಡೆಯುವುದನ್ನು ಕಟ್ಟೆಯ ಮೇಲೆ ಕುಳಿತ ಗುರಿಕಾರ ನೋಡಲಾರ, ತಾಂಡೇಲ ಹೇಳಿದ್ದನ್ನು ನಂಬಬೇಕು.

ಸಭೆಯಲ್ಲಿ ತಪ್ಪು ತೀರ್ಮಾನವಾದ ಮೇಲೆ ಬರುವ ಪದಕ್ಕೂ ಗಮನ ಕೊಡಬೇಕು. ಅದು ‘ತಪ್ಪುಕಾಣಿಕೆ’. ದಂಡವನ್ನು ಸಭೆಗೆ ಕಟ್ಟುವುದಿಲ್ಲ, ದೈವದ ಅಥವಾ ದೇವರ ಸನ್ನಿಧಿಗೆ ಒಪ್ಪಿಸಲಾಗುತ್ತದೆ. ಇದರಿಂದ ಸೋತವನಿಗೆ ಗೆದ್ದವನ ಮುಂದೆ ತಲೆತಗ್ಗಿಸಿದ ಭಾವ ಬಾರದು, ಇಬ್ಬರೂ ದೈವದ ಮುಂದೆ ಬಾಗಿದಂತಾಗುತ್ತದೆ. ಮರುದಿನ ಒಂದೇ ದೋಣಿಯಲ್ಲಿ ಹೋಗಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ. ಮಾತಿನಲ್ಲಿ ಬಗೆಹರಿಯದಿದ್ದರೆ ಪ್ರಮಾಣ; ಬೊಬ್ಬರ್ಯನೋ ಬೇರೊಂದು ದೈವವೋ ಸಾಕ್ಷಿ. ಇಲ್ಲಿಯೇ ಒಂದು ಪದಸಾಮ್ಯವನ್ನು ಹೇಳಿಬಿಡುವುದು ಉಚಿತ. ದೈವದ ‘ಸ್ಥಾನ’ ತುಳುವಿನಲ್ಲಿ ‘ಸಾನ’ವಾಗುತ್ತದೆ. ಪೊಲೀಸರ ‘ಠಾಣೆ’ ಕೂಡ ಅದೇ ಸಂಸ್ಕೃತ ಸ್ಥಾನ ಶಬ್ದವೇ, ಪ್ರಾಕೃತ ಹಿಂದಿಗಳ ದಾರಿಯಾಗಿ ಸುತ್ತಿ ಬಂದದ್ದು. ಒಂದೇ ಊರಿನಲ್ಲಿ ಒಂದೇ ಶಬ್ದದ ಎರಡು ರೂಪಗಳು ಎರಡು ಬಗೆಯ ವಿಚಾರಣೆಯ ಜಾಗಗಳಾಗಿ ನಿಂತಿವೆ. ಇದನ್ನು ಎಳೆದಾಡಿ ಸಿದ್ಧಾಂತ ಮಾಡುವ ಅಗತ್ಯವಿಲ್ಲ. ಆದರೆ ಠಾಣೆಯಲ್ಲಿ ಬರೆದುಕೊಡುವ ‘ಮುಚ್ಚಳಿಕೆ’ಗೂ ಸಾನದಲ್ಲಿ ಮಾಡುವ ‘ಪ್ರಮಾಣ’ಕ್ಕೂ ಜನ ಕೊಡುವ ತೂಕ ಬೇರೆಬೇರೆಯೆಂಬುದನ್ನು ಕ್ಷೇತ್ರದಲ್ಲಿ ಯಾರಾದರೂ ಕಾಣಬಹುದು. ಠಾಣೆಯಲ್ಲಿ ರಾಜಿಯಾದ ಎಷ್ಟೋ ಜಗಳಗಳು ಸಾನಕ್ಕೆ ಹೋಗಿ ಬಂದ ಮೇಲೆಯೇ ಮುಗಿದುವೆಂದು ಎಣಿಸಲ್ಪಡುತ್ತವೆ.

ಪ್ರಭುತ್ವ ಈ ದಡಕ್ಕೆ ಹೊಸದಾಗಿ ಬಂದದ್ದೆಂದು ತಿಳಿಯುವುದು ತಪ್ಪಾದೀತು. 14ನೆಯ ಶತಮಾನದ ನಡುಭಾಗದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತ ಬಾರಕೂರನ್ನು ‘ಫಾಕನೂರು’ ಎಂದು ಕರೆದು, ಅಲ್ಲಿ ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ‘ಬಂದರಿನ ಹಕ್ಕು’ ಸಲ್ಲಿಸಬೇಕೆಂದೂ, ಸಲ್ಲಿಸದೆ ಹೋದರೆ ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ವಸೂಲು ಮಾಡುತ್ತಾರೆಂದೂ ಬರೆದಿದ್ದಾನೆ. ವಸಾಹತು ಕಾಲದಲ್ಲಿ 1882ರ ಉಪ್ಪಿನ ಕಾಯಿದೆ ದಡದ ಉಪ್ಪನ್ನೂ ಸರ್ಕಾರದ ಸ್ವತ್ತಾಗಿ ಕಾಯಿಸಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ತೆಗೆದದ್ದು ರಾಷ್ಟ್ರೀಯ ಚಳವಳಿಯ ಘಟನೆಯಾಗಿ ಪಠ್ಯಗಳಲ್ಲಿದೆ. ಅದಕ್ಕೆ ಹಿಂದಿನ ಸುಮಾರು ಐವತ್ತು ವರ್ಷ ಉಪ್ಪಿನ ಸಿಪಾಯಿಗಳ ಕಾವಲಿನ ಕೆಳಗೆ ಬದುಕಿದ ಗದ್ದೆ ದಿಬ್ಬಗಳ ಜನರ ಕಥೆ ಪಠ್ಯಗಳಲ್ಲಿಲ್ಲ. ಆದರೂ ಬಂದರು, ಉಪ್ಪು, ಸುಂಕ ಇವುಗಳಾಚೆಗೆ ಮೀನು ಹಿಡಿಯುವ ಕೆಲಸದೊಳಕ್ಕೆ ಪ್ರಭುತ್ವ ಕೈಹಾಕಿದ್ದು ತೀರ ಈಚೆಗೆ.

ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ, ಪ್ರಾದೇಶಿಕ ಜಲಪ್ರದೇಶದ 12 ನಾಟಿಕಲ್ ಮೈಲಿಯ ಆಚೆಗಿನದು ಕೇಂದ್ರದ್ದು. ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯಿದೆ 1986ರದು. ದೋಣಿಗಳ ನೋಂದಣಿ, ಪರವಾನಗಿ, ಬಲೆಯ ನಿಯಂತ್ರಣ, ಅಧಿಕಾರಿಗಳ ತಪಾಸಣೆ ಎಲ್ಲವೂ ಅದರಲ್ಲಿವೆ. ಕೇರಳ, ಗೋವಾಗಳಲ್ಲಿ 1980ರಲ್ಲೇ ಇಂಥ ಕಾಯಿದೆಗಳು ಬಂದಿದ್ದವು. ಇವುಗಳ ಹಿಂದೆ ಇದ್ದದ್ದು ಯಾಂತ್ರೀಕೃತ ಬೋಟುಗಳಿಂದ ನಾಡದೋಣಿಯವರನ್ನು ಕಾಯಬೇಕೆಂಬ ಒತ್ತಾಯ ಎಂಬುದನ್ನು ಮರೆಯಬಾರದು. ಅಂದರೆ ಕಟ್ಟು ಎಲ್ಲಿ ಸೋತಿತೋ ಅಲ್ಲಿಗೆ ಕಾಯಿದೆಯನ್ನು ಕರೆದವರು ಸಣ್ಣ ಮೀನುಗಾರರೇ. ‘ದೇಸಿ’ಗೂ ‘ಪ್ರಭುತ್ವ’ಕ್ಕೂ ಇರುವ ವಿರೋಧವನ್ನೇ ಮೂಲಸೂತ್ರ ಮಾಡಿಕೊಂಡಿರುವ ನಮ್ಮ ಕೆಲವು ವಿಮರ್ಶೆಗಳಿಗೆ ಈ ಸಂಗತಿ ಒಗ್ಗುವುದಿಲ್ಲ.

ಮಳೆಗಾಲದ ನಿಷೇಧವನ್ನು ನೋಡೋಣ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ತಡೆಯಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇಟ್ಟ ನಾಡದೋಣಿಗಳಿಗೆ ವಿನಾಯಿತಿ. ಊರಿನ ಲೆಕ್ಕ ಇದಲ್ಲ. ಅದು ತೂಫಾನಿನ ಲೆಕ್ಕ, ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕ. ತೂಫಾನು ಬಂದು ಕಡಲು ಅಡಿಮೇಲಾಗಿ ಮೀನು ದಡದ ಕಡೆಗೆ ಸರಿದ ಮೇಲೆ ನಾಡದೋಣಿ ಇಳಿಯುತ್ತದೆ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ವರಾಹಸ್ವಾಮಿಗೆ ನಡೆದುಕೊಂಡವರೂ, ನೂಲಹುಣ್ಣಿಮೆಯಂದು ಕಡಲಿಗೆ ಹಾಲು ತೆಂಗಿನಕಾಯಿ ಒಪ್ಪಿಸಿದವರೂ ಋತುವಿನ ಬಾಗಿಲು ತೆರೆಯುವುದನ್ನು ಬೇರೆ ರೀತಿಯಲ್ಲಿ ಎಣಿಸುತ್ತಾರೆ. ಚಂದ್ರಮಾನದ ತಿಥಿ ವರ್ಷವರ್ಷ ಸರಿಯುತ್ತದೆ, ಸರ್ಕಾರದ ತಾರೀಖು ಸರಿಯುವುದಿಲ್ಲ. ನಿಯಮ ಒಂದೇ ಆಗಿದ್ದರೂ, ಅಂದರೆ ಮಳೆಗಾಲದಲ್ಲಿ ದೊಡ್ಡ ಬಲೆ ಬೇಡವೆಂಬುದೇ ಎರಡರ ಸಾರವಾಗಿದ್ದರೂ, ಒಂದರಲ್ಲಿ ಕಾರಣ ಕಡಲಿನಲ್ಲಿದೆ, ಇನ್ನೊಂದರಲ್ಲಿ ಸುತ್ತೋಲೆಯಲ್ಲಿದೆ. ಸುತ್ತೋಲೆಯ ಕನ್ನಡ ‘ಮತ್ಸ್ಯ ಸಂತಾನೋತ್ಪತ್ತಿಯ ಹಿತದೃಷ್ಟಿಯಿಂದ’ ಎಂಬ ಜಾತಿಯದು. ಮೊಟ್ಟೆ ಇಡುವ ಕಾಲ ಎಂದರೆ ತಿಳಿಯುವ ಕಡೆ ಇದು ಏಕೆ ಬೇಕಾಯಿತೋ ತಿಳಿಯದು.

ಬೆಳಕಿನ ಮೀನುಗಾರಿಕೆಯಲ್ಲಿ ಸ್ಥಿತಿ ಇನ್ನೂ ತೊಡಕಿನದು. ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರು ಪ್ರತಿಭಟನೆಗೆ ಇಳಿಯುವುದು ನಿಂತಿಲ್ಲ. ಬೋಟುಗಳ ಮಾಲಿಕರು ಮತ್ತು ನಾಡದೋಣಿಯವರು ಬಹಳ ಕಡೆ ಒಂದೇ ಜಾತಿಯವರು, ಒಂದೇ ದೇವಸ್ಥಾನಕ್ಕೆ ಕಾಣಿಕೆ ಕೊಡುವವರು. ಗ್ರಾಮಸಭೆಯಲ್ಲಿ ಇದನ್ನು ಎತ್ತಿದರೆ ಕೂಡುಕಟ್ಟು ಒಡೆಯುತ್ತದೆ, ಎತ್ತದಿದ್ದರೆ ಸಣ್ಣವರ ಹೊಟ್ಟೆ ಒಡೆಯುತ್ತದೆ. ನಾನು ಒಂದು ಸಭೆಯ ಹೊರಗೆ ನಿಂತು ಕೇಳಿಸಿಕೊಂಡಾಗ ಎರಡು ಗಂಟೆಯ ಮಾತಿನಲ್ಲಿ ‘ಲೈಟು’ ಎಂಬ ಪದವನ್ನು ಯಾರೂ ಬಳಸಲಿಲ್ಲ, ‘ಆ ಕೆಲಸ’ ಎಂದೇ ಹೇಳಿದರು. ಕಟ್ಟಿನ ಭಾಷೆ ತನ್ನವರಲ್ಲಿ ಬಲವಂತನನ್ನು ಹೆಸರಿಸಲು ಹಿಂಜರಿಯುತ್ತದೆ. ಕಾಯಿದೆ ಹೆಸರಿಸುತ್ತದೆ, ಆದರೆ ರಾತ್ರಿ ಕಡಲಿಗೆ ಹೋಗಿ ನೋಡಲು ಇಲಾಖೆಗೆ ಸಾಕಷ್ಟು ದೋಣಿಯಿಲ್ಲ, ಜನವಿಲ್ಲ.

ಮನೆಯ ವಿಷಯಕ್ಕೆ ಬಂದರೆ ಭಾಷೆಯ ಪ್ರಶ್ನೆ ನೇರವಾಗಿ ಬದುಕಿನ ಪ್ರಶ್ನೆಯಾಗುತ್ತದೆ. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಬ್ಬರರೇಖೆಯಿಂದ ಒಳನಾಡಿನ ಕಡೆ 500 ಮೀಟರನ್ನು ನಿಯಂತ್ರಣಕ್ಕೆ ಒಳಪಡಿಸಿ, ಗ್ರಾಮೀಣ ತೀರದಲ್ಲಿ ಮೊದಲ 200 ಮೀಟರನ್ನು ನಿರ್ಮಾಣಕ್ಕೆ ಅವಕಾಶವಿಲ್ಲದ ವಲಯವನ್ನಾಗಿ ಮಾಡಿತು. 2011ರ ಜನವರಿ 6ರ ಅಧಿಸೂಚನೆ 100ರಿಂದ 200 ಮೀಟರಿನ ನಡುವೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಮನೆಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ವಿಧಿವತ್ತಾದ ಅನುಮತಿಯಿಲ್ಲದೆ ಮೊದಲೇ ಕಟ್ಟಿಕೊಂಡಿದ್ದ ಮೀನುಗಾರರ ಮನೆಗಳನ್ನು, ವಾಣಿಜ್ಯಕ್ಕೆ ಬಳಸದಿದ್ದರೆ, ಸಕ್ರಮಕ್ಕೆ ಪರಿಗಣಿಸಬಹುದೆಂದೂ ಹೇಳಿತು. 2019ರ ಜನವರಿ 18ರದು 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ತೀರದಲ್ಲಿ ಈ 200 ಮೀಟರನ್ನು 50ಕ್ಕೆ ಇಳಿಸಿತು, ಉಳಿದ ಕಡೆ 200 ಹಾಗೆಯೇ ಉಳಿಯಿತು. ಇಷ್ಟೆಲ್ಲ ದಡದ ಮಾತಿನಲ್ಲಿ ಒಂದೇ ಪದ: ‘ಸಿಆರ್‌ಝಡ್’. ಅದು ಒಂದು ನಿಯಮದ ಹೆಸರಾಗಿ ಉಳಿದಿಲ್ಲ. ‘ಸಿಆರ್‌ಝಡ್ ಬಂತು’, ‘ಸಿಆರ್‌ಝಡ್ ಬಿಡುವುದಿಲ್ಲ’ ಎಂಬ ಪ್ರಯೋಗಗಳಲ್ಲಿ ಅದು ಕರ್ತೃಸ್ಥಾನದಲ್ಲಿದೆ, ನಡೆದಾಡುವ ವ್ಯಕ್ತಿಯಂತಿದೆ.

ಉಬ್ಬರರೇಖೆ ಎಂಬುದರ ಅರ್ಥವನ್ನೇ ವಿಚಾರಿಸಬೇಕು. ದೊಡ್ಡ ಉಬ್ಬರದ ಕಾಲದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೋ ಆ ಗೆರೆ ಎಂದು ಅಧಿಸೂಚನೆಯ ತಾತ್ಪರ್ಯ. ಹುಣ್ಣಿಮೆ ಅಮಾವಾಸ್ಯೆಗಳ ಭರತ-ಇಳಿತವನ್ನು ದಿನವೂ ನೋಡುವವರಿಗೆ ಇದು ಹೊಸದಲ್ಲ. ಆದರೆ ಅವರಿಗೆ ಅದು ಗೆರೆಯಲ್ಲ, ಬಂದುಹೋಗುವ ನೀರು. ಕಡಲ್ಕೊರೆತವಿರುವ ಕಡೆ ಕಳೆದ ವರ್ಷ ಇದ್ದ ತೆಂಗಿನಮರ ಈ ವರ್ಷ ಇರುವುದಿಲ್ಲ. ಗೆರೆ ಒಳಗೆ ಬಂದಂತೆ 200 ಮೀಟರೂ ಒಳಗೆ ಬರುತ್ತದೆ. ಮನೆ ಇದ್ದಲ್ಲಿಯೇ ಇದ್ದು ಅಪರಾಧದ ವಲಯದೊಳಗೆ ಸೇರಿದಂತಾಗುತ್ತದೆ. ನಕ್ಷೆಯಲ್ಲಿ ಗೆರೆ ನಿಂತಿದೆ, ನೆಲದಲ್ಲಿ ಚಲಿಸುತ್ತಿದೆ. ನಾನು ನೋಡಿದ ಒಂದು ಮನೆಯಲ್ಲಿ ಹಿಂಬದಿಗೆ ಒಂದು ಕೋಣೆ ಸೇರಿಸಿದ್ದಕ್ಕೆ ನೋಟೀಸು ಬಂದಿತ್ತು. ಮನೆಯೊಡತಿ ಅದನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದರು, ಓದಿ ಹೇಳೆಂದು ಕೊಟ್ಟರು. ಕನ್ನಡದಲ್ಲೇ ಇದ್ದ ಆ ಒಂದು ಪುಟವನ್ನು ಎಂ.ಎ. ಕನ್ನಡ ಓದಿದ ನಾನು ಎರಡು ಸಲ ಓದಿದ ಮೇಲೆಯೂ ಕೋಣೆ ಕೆಡವಬೇಕೆಂದೋ, ಅರ್ಜಿ ಹಾಕಬೇಕೆಂದೋ, ಸುಮ್ಮನೆ ಉತ್ತರ ಕೊಟ್ಟರೆ ಸಾಕೆಂದೋ ಖಚಿತವಾಗಿ ಹೇಳಲಾರದೆ ಹೋದೆ. ಒಂದೇ ವಾಕ್ಯದಲ್ಲಿ ಮೂರು ‘ಸದರಿ’, ಎರಡು ‘ಮೇರೆಗೆ’, ಕ್ರಿಯಾಪದವೆಲ್ಲ ಕರ್ಮಣಿ. ‘ಕ್ರಮ ಜರುಗಿಸಲಾಗುವುದು’ ಎಂದಿತ್ತು, ಜರುಗಿಸುವವರು ಯಾರೆಂದಿರಲಿಲ್ಲ. ಕಟ್ಟಿನ ಭಾಷೆಯಲ್ಲಿ ಕರ್ತೃ ಯಾವಾಗಲೂ ಇರುತ್ತಾನೆ, ಗುರಿಕಾರರು ಹೇಳಿದರು, ಹತ್ತು ಸಮಸ್ತರು ಹೇಳಿದರು ಎಂದೇ ಮಾತು ನಡೆಯುತ್ತದೆ. ಆಡಳಿತ ಕನ್ನಡದ ಕರ್ಮಣಿ ಪ್ರಯೋಗವನ್ನು ಶೈಲಿಯ ದೋಷವೆಂದು ಮಾತ್ರ ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಆ ಮನೆಯಲ್ಲಿ ಅದು ಶೈಲಿಯ ಪ್ರಶ್ನೆಯಾಗಿರಲಿಲ್ಲ. ಯಾರ ಹತ್ತಿರ ಹೋಗಿ ಕೇಳಬೇಕೆಂಬ ಪ್ರಶ್ನೆಯಾಗಿತ್ತು.

ಇನ್ನು ಕಾವಲು. 2008ರ ನವೆಂಬರಿನ ಮುಂಬಯಿ ದಾಳಿಯ ನಂತರ ದೇಶದ ತೀರವೆಲ್ಲ ಭದ್ರತೆಯ ವಿಷಯವಾಯಿತು. ಕರ್ನಾಟಕದಲ್ಲಿ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡು ಕರಾವಳಿ ಕಾವಲು ಪೊಲೀಸ್ ಘಟಕವಿದ್ದು, ಮಂಗಳೂರಿನಿಂದ ಕಾರವಾರದವರೆಗೆ 9 ಠಾಣೆಗಳಿವೆ. ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗೆ ‘ಐಎನ್‌ಡಿ-ಕೆಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ. ಮೊದಲು ದೋಣಿಗೆ ದೇವರ ಹೆಸರು ಸಾಕಾಗಿತ್ತು, ಈಗ ಹೆಸರೂ ಇದೆ ಸಂಖ್ಯೆಯೂ ಇದೆ. ಇದರಲ್ಲಿ ಆಕ್ಷೇಪಿಸುವಂಥದ್ದು ಹೆಚ್ಚೇನಿಲ್ಲ. ಅವಘಡವಾದಾಗ ಅದೇ ಸಂಖ್ಯೆ ಹುಡುಕಲು ನೆರವಾಗುತ್ತದೆ. ಪೊಲೀಸರ ಮಾತಿನಲ್ಲಿ ಮೀನುಗಾರರು ಕಡಲಿನಲ್ಲಿ ಸರ್ಕಾರದ ಕಣ್ಣು ಕಿವಿಗಳೆಂಬ ಹೊಗಳಿಕೆ ಆಗಾಗ ಕೇಳುತ್ತದೆ. ದಡದಲ್ಲಿ ಮಾತ್ರ ಅವರೇ ತಪಾಸಣೆಗೆ ಒಳಗಾಗುವವರು. ದಿನನಿತ್ಯದಲ್ಲಿ ಠಾಣೆಗೆ ಬರುವ ವಿಷಯವಾದರೂ ಭಯೋತ್ಪಾದನೆಯಲ್ಲ. ಕುಡಿದು ಮಾಡಿದ ಗಲಾಟೆ, ಬಲೆ ಹರಿದ ದೂರು, ಕಳವು, ಪ್ರವಾಸಿಗರು ನೀರಿಗಿಳಿದದ್ದು.

ಇಲ್ಲಿಯವರೆಗೆ ಓದಿದವರಿಗೆ ಈ ಲೇಖನ ಕಟ್ಟಿನ ಪರವಾಗಿ ವಾದಿಸುತ್ತಿದೆ ಎಂದು ತೋರಬಹುದು. ಅಧ್ಯಯನದ ಆರಂಭದಲ್ಲಿ ನನ್ನ ಒಲವು ಹಾಗೆಯೇ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಅದನ್ನು ಕದಲಿಸಿದ್ದು 2025ರ ಮಾರ್ಚ್ ತಿಂಗಳಲ್ಲಿ ಮಲ್ಪೆ ಬಂದರಿನಲ್ಲಿ ನಡೆದ ಘಟನೆ. ಮೀನು ಕದ್ದಳೆಂಬ ಆರೋಪದ ಮೇಲೆ ಪರಿಶಿಷ್ಟ ಜಾತಿಗೆ ಸೇರಿದ ಮಹಿಳೆಯೊಬ್ಬರನ್ನು ಹಗಲು ಹೊತ್ತಿನಲ್ಲಿ, ಜನರ ಎದುರಿನಲ್ಲಿ, ಮರಕ್ಕೆ ಕಟ್ಟಿ ಹೊಡೆಯಲಾಯಿತು. ದೃಶ್ಯ ಎಲ್ಲೆಡೆ ಹರಡಿದ ಮೇಲೆ ಪೊಲೀಸರು ದೌರ್ಜನ್ಯ ತಡೆ ಕಾಯಿದೆಯಡಿಯೂ ಪ್ರಕರಣ ದಾಖಲಿಸಿ ಹಲವರನ್ನು ಬಂಧಿಸಿದರು. ಆ ಬಳಿಕ ಬಂಧನದ ವಿರುದ್ಧ ಮಲ್ಪೆಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು.

ಮೇಲೆ ಹೇಳಿದ ‘ಕಟ್ಟು’ ಪದದ ಅರ್ಥಪಟ್ಟಿಯನ್ನು ಈಗ ಮತ್ತೆ ನೋಡಬೇಕಾಗುತ್ತದೆ. ಒಳಗಿನವನು ತಪ್ಪಿದರೆ ಅವನಿಗೆ ಕಟ್ಟೆಯಿದೆ, ಗುರಿಕಾರರಿದ್ದಾರೆ, ತಪ್ಪುಕಾಣಿಕೆಯಿದೆ, ದೈವದ ಮುಂದೆ ಸಮನಾಗಿ ಬಾಗುವ ಅವಕಾಶವಿದೆ. ಹೊರಗಿನವಳು ತಪ್ಪಿದಳೆಂದು ತೋರಿದರೆ ಇವು ಯಾವುವೂ ಇಲ್ಲ. ಉಳಿಯುವುದು ಪದದ ಮೊದಲ ಅರ್ಥ ಮಾತ್ರ, ಹಗ್ಗ. ಇಂದು ಬಂದರುಗಳ ದುಡಿಮೆ ಆ ಜಾತಿಯ, ಆ ಊರಿನವರಿಂದಷ್ಟೇ ನಡೆಯುತ್ತಿಲ್ಲ. ಬಯಲುಸೀಮೆಯ ಜಿಲ್ಲೆಗಳಿಂದ, ಒಡಿಶಾ, ಜಾರ್ಖಂಡಗಳಿಂದ ಬಂದವರು ಬೋಟಿನಲ್ಲಿ ಕಲಾಸಿಗಳಾಗಿ, ದಕ್ಕೆಯಲ್ಲಿ ಮೀನು ಇಳಿಸುವವರಾಗಿ ದುಡಿಯುತ್ತಾರೆ. ಅವರಿಗೆ ಕಟ್ಟಿನಲ್ಲಿ ಜಾಗವಿಲ್ಲ, ಆದರೆ ಅವರ ಮೇಲೆ ಕಟ್ಟಿನ ಕಾವಲು ಇದೆ. ಆ ಮಹಿಳೆಗೆ ಒದಗಿದ್ದು ಕಾಯಿದೆ, ಅದೂ ದೃಶ್ಯ ಹರಡಿದ ಮೇಲೆ. ಘಟನೆಯನ್ನು ಸಮರ್ಥಿಸಿದ ಮಾತುಗಳಲ್ಲಿ ಬಂದರಿನಲ್ಲಿ ಕಳವು ಹೆಚ್ಚಾಗಿದೆ, ಊರಿನವರು ತಮ್ಮ ದುಡಿಮೆಯನ್ನು ಕಾಯ್ದುಕೊಳ್ಳಬಾರದೆ ಎಂಬ ಧಾಟಿ ಇತ್ತು. ಕಳವು ನಿಜವಿರಬಹುದು. ‘ಊರಿನವರು’ ಎಂಬ ಪದ ಅಲ್ಲಿ ಯಾರನ್ನು ಬಿಟ್ಟು ಹೇಳಲ್ಪಟ್ಟಿತೆಂಬುದು ನಮ್ಮ ಅಧ್ಯಯನದ ಪ್ರಶ್ನೆಯಾಗಬೇಕು.

ಒಳಗಿನವರಿಗಾದರೂ ಕಟ್ಟು ಸಮನಾಗಿಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊಂಕಣ ಊರುಗಳಲ್ಲಿ ‘ಗಾವಕಿ’ ಎಂಬ ಊರಸಭೆಗಳು ಹಾಕಿದ ಬಹಿಷ್ಕಾರಗಳ ಬಗ್ಗೆ ದೂರುಗಳು ಹೆಚ್ಚಿದ್ದು, ಆ ರಾಜ್ಯ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯಿದೆ ಮಾಡಿದ್ದರ ಹಿನ್ನೆಲೆಗಳಲ್ಲಿ ಒಂದು. ನಮ್ಮ ದಡದಲ್ಲಿ ಮೀನಿನ ವ್ಯಾಪಾರದ ಬಹುಭಾಗ ಹೆಂಗಸರ ಕೈಯಲ್ಲಿದೆ. ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ಸಾಲ ತಂದು ತೀರಿಸುವವರು ಅವರೇ. ನಾನು ನೋಡಿದ ಸಭೆಗಳಲ್ಲಿ ಅವರು ಕಟ್ಟೆಯ ಮೇಲೆ ಇರಲಿಲ್ಲ. ಕೇಳಿದರೆ ಮಾತ್ರ ಹೇಳುವವರಾಗಿ ಬದಿಯಲ್ಲಿ ನಿಂತಿದ್ದರು. ತಕಳಿ ಶಿವಶಂಕರ ಪಿಳ್ಳೆಯವರ 1956ರ ‘ಚೆಮ್ಮೀನ್’ ಕಾದಂಬರಿಯನ್ನು ಪ್ರೇಮದುರಂತವಾಗಿ ಓದುವುದೇ ಹೆಚ್ಚು. ಅದರಲ್ಲಿ ದೋಣಿ ಕೊಳ್ಳಬೇಕೆಂದ ಬಡವನಿಗೆ ದಡದ ಮುಖಂಡನ ಒಪ್ಪಿಗೆ ಬೇಕಾಗುತ್ತದೆ, ಆ ಹಕ್ಕು ಎಲ್ಲ ಕವಲಿನವರಿಗೂ ಇಲ್ಲ. ಗಂಡಸರು ಕಡಲಿನಲ್ಲಿ ಬದುಕುವುದು ದಡದಲ್ಲಿರುವ ಹೆಣ್ಣಿನ ನಡತೆಯಿಂದ ಎಂಬ ನಂಬಿಕೆ ಕಾವಲಿನ ಕೆಲಸವನ್ನೆಲ್ಲ ಹೆಣ್ಣಿನ ಮೇಲೆಯೇ ತಿರುಗಿಸುತ್ತದೆ. ನಿಯಮಪಾಲನೆಯ ಕಾದಂಬರಿಯಾಗಿ ಅದನ್ನು ಓದಿದರೆ ಪ್ರೇಮವೂ ಬೇರೆಯಾಗಿ ಕಾಣುತ್ತದೆ.

ಹೀಗಿರುವಾಗ ಕನ್ನಡ ವಿಭಾಗಗಳಲ್ಲಿರುವವರು ಮಾಡಬಹುದಾದ ಕೆಲಸ ಯಾವುದು? ಹಾಡು, ಕತೆ, ಐತಿಹ್ಯಗಳನ್ನು ಸಂಗ್ರಹಿಸಿದ ಆಸ್ಥೆಯಲ್ಲಿಯೇ ಈ ಸಭೆಗಳ ನಡಾವಳಿ ಪುಸ್ತಕಗಳನ್ನು ಸಂಗ್ರಹಿಸಬೇಕೆಂಬುದು ನನ್ನ ಅಭಿಪ್ರಾಯ. ಅನೇಕ ಊರುಗಳಲ್ಲಿ ಅವು ದೇವಸ್ಥಾನದ ಕಪಾಟಿನಲ್ಲೋ ಯಾರದೋ ಮನೆಯ ಅಟ್ಟದಲ್ಲೋ ಉಪ್ಪುಗಾಳಿಗೆ ಪುಡಿಯಾಗುತ್ತಿವೆ. ಜೊತೆಗೆ ನೋಟೀಸು, ಮುಚ್ಚಳಿಕೆ, ಮಹಜರುಗಳ ಕನ್ನಡವನ್ನೂ ಪಠ್ಯವಾಗಿ ಓದಬೇಕು. ವ್ಯಕ್ತಿಗಳ ಹೆಸರನ್ನು ಮರೆಮಾಡುವ ಜವಾಬ್ದಾರಿ ಸಂಗ್ರಾಹಕರದು.

ನನಗೆ ನೋಡಲು ಸಿಕ್ಕಿದ ಒಂದೇ ಒಂದು ಪುಸ್ತಕ ರಟ್ಟಿನ ಹೊದಿಕೆಯ, ಗೆರೆಯೆಳೆದ ದಪ್ಪ ನೋಟು ಪುಸ್ತಕ. ಮೊದಲ ಪುಟಗಳಲ್ಲಿ ಮೊತ್ತದ ಮುಂದೆ ‘ದಂಡ’ ಎಂದೇ ಬರೆದಿದೆ. ಕೆಲವು ಪುಟಗಳಾದ ಮೇಲೆ ಬೇರೊಬ್ಬರ ಅಕ್ಷರದಲ್ಲಿ ‘ತಪ್ಪುಕಾಣಿಕೆ’. ಈಚಿನ ಪುಟಗಳಲ್ಲಿ ಅದು ‘ದೇಣಿಗೆ’ಯಾಗಿದೆ, ರಸೀದಿ ಸಂಖ್ಯೆಯೂ ಇದೆ. ದಂಡ ಹಾಕುವ ಅಧಿಕಾರ ನಿಮಗಿಲ್ಲವೆಂದು ಠಾಣೆಯಲ್ಲಿ ಯಾರೋ ಹೇಳಿದ ಮೇಲೆ ಹಾಗೆ ಬರೆಯತೊಡಗಿದರಂತೆ. ಮೊತ್ತ ಮಾತ್ರ ಕಡಿಮೆಯಾಗಿಲ್ಲ. ಯಾವ ತಪ್ಪಿಗೆ ಎಂಬ ಕಾಲಮನ್ನು ಈಗ ಖಾಲಿ ಬಿಡುತ್ತಾರೆ.